ಹಣ ಯಾರ ಕೈಗೆ ಬರಬೇಕು? ತಾಯಂದಿರ ಪರವಾಗಿ ಪಾರ್ಲಿಮೆಂಟಿನಲ್ಲಿ ದುಡಿದ ಎಲೀನರ್ ರಾತ್‌ಬೋನ್



ನಮ್ಮ ತರಬೇತಿಗಳಲ್ಲಿ 'ಮನೆಯ ಆಯ-ವ್ಯಯ' ಎಂಬ ಒಂದು ಚಟುವಟಿಕೆ ಇರುತ್ತದೆ. ಹಾಳೆಯ ಒಂದು ಕಡೆ ಮನೆಗೆ ಬರುವ ಹಣ ಬರೆಯಬೇಕು, ಇನ್ನೊಂದು ಕಡೆ ಖರ್ಚು. ಖರ್ಚಿನ ಕಡೆ ಎಲ್ಲರೂ ಪಟಪಟನೆ ಹೇಳುತ್ತಾರೆ: ಅಕ್ಕಿ, ಬೇಳೆ, ಎಣ್ಣೆ, ಮಕ್ಕಳ ಫೀಸು, ಔಷಧಿ, ಕರೆಂಟು ಬಿಲ್ಲು, ಸಂಘದ ಕಂತು, ನೆಂಟರ ಮನೆ ಮುಯ್ಯಿ. ಆದಾಯದ ಕಡೆಗೆ ಬಂದಾಗ ಮಾತ್ರ ಹಲವರು ಸುಮ್ಮನಾಗುತ್ತಾರೆ. "ಅವರಿಗೆ ಎಷ್ಟು ಸಿಗುತ್ತೋ ಗೊತ್ತಿಲ್ಲ ಸಿಸ್ಟರ್, ಕೊಟ್ಟಷ್ಟು ಇಸ್ಕೊಂಡು ಸಂಸಾರ ನಡೆಸ್ತೀನಿ" ಎನ್ನುವ ಮಾತು ಒಂದಲ್ಲ ಒಂದು ಮೂಲೆಯಿಂದ ಬಂದೇ ಬರುತ್ತದೆ.

ಮನೆ ನಡೆಸುವ ಜವಾಬ್ದಾರಿ ಹೆಂಗಸಿನದು, ಹಣ ಮಾತ್ರ ಇನ್ನೊಬ್ಬರ ಜೇಬಿನಲ್ಲಿ. ಇದು ನಮ್ಮ ಊರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಕೂಲಿಕಾರರ ಮನೆಗಳಲ್ಲೂ ಇದೇ ಕಥೆ ಇತ್ತು. ಅದನ್ನು ಕಣ್ಣಾರೆ ಕಂಡ ಒಬ್ಬ ಮಹಿಳೆ, "ಮಕ್ಕಳಿಗಾಗಿ ಸರ್ಕಾರ ಕೊಡುವ ಹಣ ತಾಯಿಯ ಕೈಗೇ ಬರಬೇಕು" ಎಂದು ಸುಮಾರು 30 ವರ್ಷ ಹೋರಾಡಿ, ಅದನ್ನು ಕಾನೂನು ಮಾಡಿಸಿದರು. ಅವರ ಹೆಸರು ಎಲೀನರ್ ರಾತ್‌ಬೋನ್. ಅವರ ಕೆಲಸ, ಅವರ ಹಠ, ಅವರು ಮಾಡಿದ ತಪ್ಪು, ಈ ಮೂರರಿಂದಲೂ ನಾವು ಕಲಿಯುವುದಿದೆ.

ಯಾರು ಈ ಎಲೀನರ್?

ಎಲೀನರ್ ಹುಟ್ಟಿದ್ದು 1872ರಲ್ಲಿ. ಮನೆತನ ಇಂಗ್ಲೆಂಡಿನ ಬಂದರು ನಗರವಾದ ಲಿವರ್‌ಪೂಲಿನ ದೊಡ್ಡ ವ್ಯಾಪಾರಿಗಳದು. ಊಟ ಬಟ್ಟೆಗೆ ಎಂದೂ ಕೊರತೆ ಕಂಡವರಲ್ಲ. ತಂದೆ ವಿಲಿಯಂ ರಾತ್‌ಬೋನ್ ಪಾರ್ಲಿಮೆಂಟ್ ಸದಸ್ಯರಾಗಿದ್ದವರು. ಬಡವರ ಮನೆಗೇ ನರ್ಸುಗಳು ಹೋಗಿ ಶುಶ್ರೂಷೆ ಮಾಡುವ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಶುರುಮಾಡಿದವರು ಅವರೇ.

ಎಲೀನರ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಾಮರ್‌ವಿಲ್ ಕಾಲೇಜಿನಲ್ಲಿ ಓದಿದರು. ಪಾಠ ಕೇಳಿದರು, ಪರೀಕ್ಷೆ ಬರೆದರು, ಆದರೆ ಡಿಗ್ರಿ ಸಿಗಲಿಲ್ಲ. ಕಾರಣ ಏನು ಗೊತ್ತೇ? ಆಗ ಆಕ್ಸ್‌ಫರ್ಡ್ ಹೆಂಗಸರಿಗೆ ಡಿಗ್ರಿ ಕೊಡುತ್ತಿರಲಿಲ್ಲ. 1920ರಿಂದ ಮಾತ್ರ ಕೊಡಲು ಶುರುಮಾಡಿತು.

ಓದು ಮುಗಿಸಿ ಲಿವರ್‌ಪೂಲಿಗೆ ಬಂದ ಎಲೀನರ್ ಬಡವರ ಕೇರಿಗಳಲ್ಲಿ ಸೇವೆಗೆ ಇಳಿದರು. ಅಲ್ಲಿ ಅವರಿಗೆ ಎಲಿಜಬೆತ್ ಮಕಾಡಮ್ ಎಂಬ ಗೆಳತಿ ಸಿಕ್ಕಿದರು. ಸಮಾಜಸೇವೆಗೆ ಒಳ್ಳೆಯ ಮನಸ್ಸೊಂದೇ ಸಾಲದು, ತರಬೇತಿಯೂ ಬೇಕು ಎಂದು ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಪಾಠ ಬೆಳೆಸಿದವರಲ್ಲಿ ಈ ಎಲಿಜಬೆತ್ ಒಬ್ಬರು. ಈ ಇಬ್ಬರು ಗೆಳತಿಯರು ಜೀವನಪೂರ್ತಿ ಜೊತೆಯಾಗಿ ದುಡಿದರು.

ಬಂದರಿನ ಕೂಲಿಗಳ ಮನೆಯೊಳಗೆ

ಲಿವರ್‌ಪೂಲಿನಲ್ಲಿ ಸಾವಿರಾರು ಗಂಡಸರು ಹಡಗಿಗೆ ಸಾಮಾನು ಹತ್ತಿಸುವ, ಇಳಿಸುವ ಕೂಲಿ ಮಾಡುತ್ತಿದ್ದರು. ಕೆಲಸ ಕಾಯಂ ಅಲ್ಲ. ಬೆಳಿಗ್ಗೆ ಒಂದು ಜಾಗದಲ್ಲಿ ಎಲ್ಲರೂ ಗುಂಪಾಗಿ ನಿಲ್ಲಬೇಕು. ಮೇಸ್ತ್ರಿ ಬಂದು "ನೀನು ಬಾ, ನೀನು ಬಾ" ಎಂದು ಬೇಕಾದವರನ್ನು ಆರಿಸಿಕೊಳ್ಳುತ್ತಿದ್ದ. ಉಳಿದವರು ಬರಿಗೈಲಿ ಮನೆಗೆ. ಕೆಲಸ ಸಿಕ್ಕರೂ ಅದು ಅರ್ಧ ದಿನಕ್ಕೋ ಒಂದು ದಿನಕ್ಕೋ ಅಷ್ಟೆ. ಕೂಲಿಕಟ್ಟೆಯಲ್ಲಿ ನಿಂತು ಮೇಸ್ತ್ರಿಯ ದಾರಿ ಕಾಯುವ ನಮ್ಮ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎಲೀನರ್ ಬರೀ ಮರುಕಪಟ್ಟು ಸುಮ್ಮನಾಗಲಿಲ್ಲ. ಬಂದರಿನ ಕೂಲಿ ಪದ್ಧತಿಯ ಬಗ್ಗೆ ವಿವರವಾಗಿ ವಿಚಾರಣೆ ಮಾಡಿ ವರದಿ ಬರೆದರು. ಆಮೇಲೆ ಆ ಕೂಲಿಗಳ ಮನೆಗಳಿಗೆ ಹೋಗಿ, ಹೆಂಡತಿಯರ ಹತ್ತಿರ ವಾರವಾರದ ಖರ್ಚಿನ ಲೆಕ್ಕ ಬರೆಸಿದರು. ನಾವು ಆಯ-ವ್ಯಯ ಹಾಳೆ ತುಂಬಿಸುತ್ತೇವಲ್ಲ, ಹಾಗೆಯೇ. 1909ರಲ್ಲಿ ಅದರ ವರದಿ ಪ್ರಕಟವಾಯಿತು.

ಆ ಲೆಕ್ಕಗಳಲ್ಲಿ ಕಂಡದ್ದೇನು? ಒಂದು ವಾರ ಹಣ ಬರುತ್ತದೆ, ಮುಂದಿನ ವಾರ ಇಲ್ಲ. ಬಾಡಿಗೆ ಮಾತ್ರ ಪ್ರತಿ ವಾರ ಕಟ್ಟಲೇಬೇಕು. ಹಣವಿಲ್ಲದ ವಾರ ಅಂಗಡಿಯಲ್ಲಿ ಸಾಲ. ಸಾಲವೂ ಹುಟ್ಟದಿದ್ದರೆ ಬಟ್ಟೆ, ಹಾಸಿಗೆ ಒಯ್ದು ಗಿರವಿ ಅಂಗಡಿಯಲ್ಲಿಡುವುದು, ಮತ್ತೆ ಕೂಲಿ ಸಿಕ್ಕಾಗ ಬಡ್ಡಿ ಕಟ್ಟಿ ಬಿಡಿಸಿಕೊಳ್ಳುವುದು. ಹೀಗೆ ಬಡವರೇ ಹೆಚ್ಚು ಬಡ್ಡಿ ಕಟ್ಟುತ್ತಿದ್ದರು. ಗಂಡನ ನಿಜವಾದ ದುಡಿಮೆ ಎಷ್ಟು ಎಂಬುದು ಆ ಕಾಲದ ಅನೇಕ ಕೂಲಿಕಾರರ ಹೆಂಡತಿಯರಿಗೆ ಗೊತ್ತೇ ಇರುತ್ತಿರಲಿಲ್ಲ. ಹಣ ಕಡಿಮೆಯಾದಾಗ ಮೊದಲು ಕಡಿಮೆಯಾಗುತ್ತಿದ್ದದ್ದು ತಾಯಿಯ ತಟ್ಟೆಯ ಊಟ, ಆಮೇಲೆ ಮಕ್ಕಳದು.

ಅದೇ 1909ರಲ್ಲಿ ಎಲೀನರ್ ಲಿವರ್‌ಪೂಲ್ ನಗರಸಭೆಗೆ ಪಕ್ಷೇತರರಾಗಿ ಆಯ್ಕೆಯಾದರು. ಆ ನಗರಸಭೆಗೆ ಆರಿಸಿಬಂದ ಮೊದಲ ಮಹಿಳೆ ಅವರು. ಸುಮಾರು 25 ವರ್ಷ ಅಲ್ಲಿ ಸದಸ್ಯೆಯಾಗಿದ್ದರು. ಗಂಡ ಸತ್ತ ಹೆಂಗಸರು ಸರ್ಕಾರದ ಬಡವರ ನಿಧಿಯ ಮುಂದೆ ಕೈಯೊಡ್ಡಿ ನಿಂತು, ಅವಮಾನ ಪಟ್ಟು, ಪಡೆಯುತ್ತಿದ್ದ ಪುಡಿಗಾಸಿನ ಬಗ್ಗೆಯೂ ಅಧ್ಯಯನ ಮಾಡಿ 1913ರಲ್ಲಿ ವರದಿ ಕೊಟ್ಟರು. ವಿಧವೆಯರಿಗೆ ಪಿಂಚಣಿ ಭಿಕ್ಷೆಯಲ್ಲ, ಹಕ್ಕು ಎಂದು ಅವರೂ ಇತರ ಮಹಿಳಾ ಸಂಘಟನೆಗಳೂ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1925ರಲ್ಲಿ ಬ್ರಿಟನ್ನಿನಲ್ಲಿ ವಿಧವಾ ಪಿಂಚಣಿ ಕಾನೂನು ಬಂತು.

ಯುದ್ಧ ಕಲಿಸಿದ ಪಾಠ

1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಲಕ್ಷಾಂತರ ಗಂಡಸರು ಸೈನ್ಯಕ್ಕೆ ಹೋದರು. ಮನೆಯಲ್ಲಿ ಉಳಿದ ಹೆಂಡತಿ ಮಕ್ಕಳಿಗೆ ಸರ್ಕಾರ ಭತ್ಯೆ ಕೊಡಲು ಶುರುಮಾಡಿತು. ಎಷ್ಟು ಮಕ್ಕಳೋ ಅದಕ್ಕೆ ತಕ್ಕಂತೆ ಹಣ, ಅದೂ ನೇರವಾಗಿ ಹೆಂಡತಿಯ ಕೈಗೆ. ಲಿವರ್‌ಪೂಲಿನಲ್ಲಿ ಸೈನಿಕರ ಕುಟುಂಬಗಳಿಗೆ ನೆರವಾಗುವ ಸಂಘದ ಕೆಲಸವನ್ನು ಎಲೀನರ್ ವಹಿಸಿಕೊಂಡಿದ್ದರು. ಆದ್ದರಿಂದ ಈ ಹಣ ಮನೆಗಳಲ್ಲಿ ಏನು ಮಾಡಿತು ಎಂದು ಅವರು ಹತ್ತಿರದಿಂದ ನೋಡಿದರು.

ಮೊದಲು ಕೂಲಿ ಸಿಕ್ಕಿದರೆ ಊಟ, ಇಲ್ಲದಿದ್ದರೆ ಉಪವಾಸ ಎನ್ನುವಂತಿದ್ದ ಮನೆಗಳಲ್ಲಿ ವಾರವಾರ ತಪ್ಪದೆ ಹಣ ಬಂದಾಗ, ತಾಯಂದಿರು ಲೆಕ್ಕ ಹಾಕಿ ಸಂಸಾರ ತೂಗಿಸಿದರು. ಮಕ್ಕಳ ಮೈಗೆ ಬಟ್ಟೆ, ಕಾಲಿಗೆ ಚಪ್ಪಲಿ ಬಂತು. "ಹೆಂಗಸರ ಕೈಗೆ ಹಣ ಕೊಟ್ಟರೆ ಹಾಳುಮಾಡುತ್ತಾರೆ" ಎಂದು ಆಡಿಕೊಳ್ಳುವವರು ಆಗಲೂ ಇದ್ದರು. ಆದರೆ ಎಲೀನರ್ ಕಂಡದ್ದು ಬೇರೆ: ಹಣ ನಿಗದಿಯಾಗಿ ತಾಯಿಯ ಕೈಗೆ ಬಂದರೆ ಅದು ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಯುದ್ಧ ಬಂದಾಗ ಸರ್ಕಾರ ಮಾಡಬಹುದಾದ ಈ ಕೆಲಸವನ್ನು ಶಾಂತಿಕಾಲದಲ್ಲಿ ಏಕೆ ಮಾಡಬಾರದು? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಅವರು 1917ರಲ್ಲಿ ಕೆಲವು ಸ್ನೇಹಿತರೊಡನೆ ಒಂದು ಸಮಿತಿ ಕಟ್ಟಿದರು.

"ಗಂಡಸಿಗೆ ಸಂಸಾರ ಇದೆ, ಅದಕ್ಕೇ ಹೆಚ್ಚು ಕೂಲಿ"

ಇಲ್ಲಿ ಕೂಲಿಯ ವಿಷಯ ಬರುತ್ತದೆ. ಸ್ವಲ್ಪ ಗಮನ ಕೊಟ್ಟು ಓದಿ.

ಒಂದೇ ಕೆಲಸಕ್ಕೆ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ. ಏಕೆ ಎಂದು ಕೇಳಿದರೆ, "ಗಂಡಸು ಹೆಂಡತಿ ಮಕ್ಕಳನ್ನು ಸಾಕಬೇಕಲ್ಲ" ಎಂದು ಉತ್ತರ. ಎಲೀನರ್ ಈ ಉತ್ತರವನ್ನೇ ಬಿಡಿಸಿ ನೋಡಿದರು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕಾರ್ಖಾನೆಯಲ್ಲಿ ನಾಲ್ಕು ಜನ ಒಂದೇ ಕೆಲಸ ಮಾಡುತ್ತಾರೆ. ಒಬ್ಬ ಮದುವೆಯಾಗದ ಹುಡುಗ. ಒಬ್ಬನಿಗೆ ಹೆಂಡತಿ ಇದ್ದಾಳೆ, ಮಕ್ಕಳಿಲ್ಲ. ಒಬ್ಬನಿಗೆ ಐದು ಮಕ್ಕಳು. ನಾಲ್ಕನೆಯವಳು ಗಂಡ ಸತ್ತ ಹೆಂಗಸು, ಅವಳಿಗೆ ಮೂರು ಮಕ್ಕಳು. ಮೂವರು ಗಂಡಸರಿಗೂ ಸಮ ಕೂಲಿ. ಆ ವಿಧವೆಗೆ ಮಾತ್ರ ಕಡಿಮೆ, ಏಕೆಂದರೆ ಅವಳು ಹೆಂಗಸು.

ಈಗ ಹೇಳಿ, ಸಂಸಾರ ಸಾಕುವುದಕ್ಕೆ ಎಂದು ಕೊಟ್ಟ ಹೆಚ್ಚಿನ ಹಣ ಯಾರಿಗೆ ಸೇರಿತು? ಸಂಸಾರವೇ ಇಲ್ಲದ ಹುಡುಗನಿಗೂ ಸೇರಿತು. ಐದು ಮಕ್ಕಳ ತಂದೆಗೆ ಅದು ಸಾಲಲಿಲ್ಲ. ಮೂರು ಮಕ್ಕಳನ್ನು ಒಬ್ಬಳೇ ಸಾಕುವ ತಾಯಿಗೆ ಸಿಗಲೇ ಇಲ್ಲ.

ಎಲೀನರ್ ಹೇಳಿದ ಪರಿಹಾರ ಎರಡು ಮಾತಿನದು. ಕೂಲಿ ಎನ್ನುವುದು ಮಾಡಿದ ಕೆಲಸಕ್ಕೆ, ಆದ್ದರಿಂದ ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಮಕ್ಕಳನ್ನು ಬೆಳೆಸುವುದು ಇಡೀ ಸಮಾಜಕ್ಕೆ ಮಾಡುವ ಕೆಲಸ, ಆದ್ದರಿಂದ ಅದರ ಖರ್ಚಿನಲ್ಲಿ ಸಮಾಜಕ್ಕೂ ಪಾಲು ಇರಬೇಕು, ಮಕ್ಕಳ ಲೆಕ್ಕದಲ್ಲಿ ತಾಯಿಗೆ ಭತ್ಯೆ ಕೊಡಬೇಕು. ತಾಯಿ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮಾಡುವುದೂ ದುಡಿಮೆಯೇ ಎಂಬುದನ್ನು ದೇಶ ಒಪ್ಪಿಕೊಳ್ಳಬೇಕು. 1924ರಲ್ಲಿ ಈ ವಿಚಾರಗಳನ್ನೆಲ್ಲ ಸೇರಿಸಿ 'ದಿ ಡಿಸ್‌ಇನ್‌ಹೆರಿಟೆಡ್ ಫ್ಯಾಮಿಲಿ' ಎಂಬ ಪುಸ್ತಕ ಬರೆದರು. ತನಗೆ ಸೇರಬೇಕಾದ ಪಾಲು ಸಿಗದೇ ಹೋದ ಕುಟುಂಬ ಎಂದು ಅದರ ಅರ್ಥ.

ವಿರೋಧ ಎಲ್ಲ ಕಡೆಯಿಂದಲೂ ಬಂತು. ದುಡ್ಡಿದ್ದವರು "ಬಡವರು ಸೋಮಾರಿಗಳಾಗುತ್ತಾರೆ" ಎಂದರು. ಕಾರ್ಮಿಕ ಸಂಘದ ಮುಖಂಡರೂ ಒಪ್ಪಲಿಲ್ಲ. ಸರ್ಕಾರ ಮಕ್ಕಳಿಗೆ ಹಣ ಕೊಟ್ಟರೆ, ಅದೇ ನೆಪ ಮಾಡಿಕೊಂಡು ಮಾಲೀಕರು ಕೂಲಿ ಇಳಿಸುತ್ತಾರೆ ಎಂಬುದು ಅವರ ಭಯ. ಆ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. 1930ರಲ್ಲಿ ಕಾರ್ಮಿಕ ಸಂಘಗಳ ಮಹಾಸಭೆ ಭತ್ಯೆಯನ್ನು ತಿರಸ್ಕರಿಸಿತು. ಅವರು ಒಪ್ಪಿದ್ದು 1942ರಲ್ಲಿ. ಅಂದರೆ ತಮ್ಮ ಕಡೆಯವರನ್ನೇ ಒಪ್ಪಿಸಲು 12 ವರ್ಷ ಬೇಕಾಯಿತು!

ಪಾರ್ಲಿಮೆಂಟಿನ ಮೆಟ್ಟಿಲು

ಬ್ರಿಟನ್ನಿನಲ್ಲಿ 1918ರಲ್ಲಿ 30 ವರ್ಷ ತುಂಬಿದ, ಆಸ್ತಿಯ ಅರ್ಹತೆ ಇದ್ದ ಮಹಿಳೆಯರಿಗೆ ಮಾತ್ರ ಮತದಾನದ ಹಕ್ಕು ಸಿಕ್ಕಿತ್ತು. ಮರುವರ್ಷ ಎಲೀನರ್ ದೇಶದ ದೊಡ್ಡ ಮಹಿಳಾ ಸಂಘಟನೆಯೊಂದರ ಅಧ್ಯಕ್ಷೆಯಾದರು. ಗಂಡಸರಂತೆ ಹೆಂಗಸರಿಗೂ 21 ವರ್ಷಕ್ಕೇ ಮತ ಬೇಕೆಂಬ ಹೋರಾಟ 1928ರಲ್ಲಿ ಗೆದ್ದಿತು.

1922ರಲ್ಲಿ ಎಲೀನರ್ ಪಾರ್ಲಿಮೆಂಟ್ ಚುನಾವಣೆಗೆ ನಿಂತು ಸೋತರು. 1929ರಲ್ಲಿ ಮತ್ತೆ ನಿಂತರು. ಆಗ ಅಲ್ಲಿ ನಮ್ಮ ಪದವೀಧರ ಕ್ಷೇತ್ರದ ಹಾಗೆ, ವಿಶ್ವವಿದ್ಯಾಲಯಗಳ ಪದವೀಧರರು ಮತ ಹಾಕುವ ಕ್ಷೇತ್ರಗಳಿದ್ದವು. ಅಂಥ ಒಂದು ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದರು. ಆಗ ಅವರಿಗೆ 57 ವರ್ಷ. ಆ ಚುನಾವಣೆಯಲ್ಲಿ ಗೆದ್ದ ಮಹಿಳೆಯರು ಒಟ್ಟು 14 ಜನ ಮಾತ್ರ. ಅವರಲ್ಲೊಬ್ಬರಾದ ಮಾರ್ಗರೆಟ್ ಬಾಂಡ್‌ಫೀಲ್ಡ್ ಕಾರ್ಮಿಕ ಮಂತ್ರಿಯಾಗಿ, ಬ್ರಿಟನ್ನಿನ ಸಂಪುಟ ದರ್ಜೆಯ ಮೊದಲ ಮಹಿಳಾ ಮಂತ್ರಿ ಎನಿಸಿಕೊಂಡರು.

ಪಕ್ಷವಿಲ್ಲದ ಒಬ್ಬ ಸದಸ್ಯೆ ಏನು ಮಾಡಲು ಸಾಧ್ಯ ಎಂದು ನೀವು ಕೇಳಬಹುದು. ಗ್ರಾಮ ಪಂಚಾಯ್ತಿಗೆ ಗೆದ್ದಿರುವ ನಮ್ಮ ಸಂಘದ ಸದಸ್ಯೆಯರೂ ಇದೇ ಪ್ರಶ್ನೆ ಕೇಳುತ್ತಾರೆ. ಎಲೀನರ್ ಮಾಡಿದ್ದು ಇಷ್ಟು: ಸಭೆಗೆ ಹೋಗುವ ಮೊದಲು ವಿಷಯ ಪೂರ್ತಿ ಓದುತ್ತಿದ್ದರು. ಅಂಕಿ ಅಂಶ ಇಲ್ಲದೆ ಮಾತಾಡುತ್ತಿರಲಿಲ್ಲ. ಮಂತ್ರಿಗಳಿಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದರು, ಪತ್ರ ಬರೆಯುತ್ತಿದ್ದರು, ಉತ್ತರ ಬರದಿದ್ದರೆ ಮತ್ತೆ ಬರೆಯುತ್ತಿದ್ದರು. ಎಲ್ಲ ಪಕ್ಷಗಳ ಸದಸ್ಯರನ್ನೂ ಸೇರಿಸಿ ಸಮಿತಿ ಕಟ್ಟುತ್ತಿದ್ದರು. ಕಾಗದಗಳು ತುಂಬಿದ ದೊಡ್ಡ ಚೀಲ ಹಿಡಿದು ಅವರು ಬರುವುದನ್ನು ಕಂಡರೆ ಮಂತ್ರಿಗಳು, ಅಧಿಕಾರಿಗಳು ಕಂಬದ ಮರೆಗೆ ಸರಿಯುತ್ತಿದ್ದರಂತೆ!

1930ರ ದಶಕದಲ್ಲಿ ನಿರುದ್ಯೋಗ ಹೆಚ್ಚಿದಾಗ, ಮಕ್ಕಳಿಗೆ ಬೇಕಾದ ಕನಿಷ್ಠ ಆಹಾರ ಸಿಗಲೇಬೇಕು ಎಂದು 1934ರಲ್ಲಿ ಒಂದು ಮಂಡಳಿ ಕಟ್ಟಿ, ಮಕ್ಕಳಿಗೆ ಅಗ್ಗದ ಹಾಲು, ಶಾಲೆಯಲ್ಲಿ ಊಟಕ್ಕಾಗಿ ಒತ್ತಾಯಿಸಿದರು. ಆ ಕಾಲದಲ್ಲಿ ಇಂಗ್ಲೆಂಡಿನ ಗಂಡಸು ತನ್ನ ಆಸ್ತಿಯನ್ನೆಲ್ಲ ಬೇರೆಯವರಿಗೆ ಉಯಿಲು ಬರೆದು, ಹೆಂಡತಿ ಮಕ್ಕಳನ್ನು ಬೀದಿಪಾಲು ಮಾಡಿ ಸಾಯಬಹುದಿತ್ತು. ಇದರ ವಿರುದ್ಧವೂ ಎಲೀನರ್ ಮಸೂದೆ ತಂದರು. ಅದು ಕೂಡಲೇ ಪಾಸಾಗಲಿಲ್ಲ. ಕೊನೆಗೆ 1938ರಲ್ಲಿ, ಅಂಥ ಹೆಂಡತಿ ಮಕ್ಕಳು ಕೋರ್ಟಿಗೆ ಹೋಗಿ ಜೀವನಾಂಶ ಕೇಳಬಹುದು ಎಂಬ ಕಾನೂನು ಬಂತು.

ಹಿಟ್ಲರನ ಕಾಟದಿಂದ ತಪ್ಪಿಸಿಕೊಂಡು ಬರುತ್ತಿದ್ದ ಯಹೂದಿಗಳು ಮತ್ತು ಇತರ ನಿರಾಶ್ರಿತರ ಪರವಾಗಿ ಅವರಷ್ಟು ಮಾತಾಡಿದವರು ಕಡಿಮೆ. 1940ರಲ್ಲಿ ಬ್ರಿಟನ್ ಸರ್ಕಾರ ಆ ನಿರಾಶ್ರಿತರನ್ನೇ ಶತ್ರು ದೇಶದವರು ಎಂದು ಶಿಬಿರಗಳಲ್ಲಿ ಕೂಡಿಹಾಕಿದಾಗ, ಎಲೀನರ್ ಆ ಶಿಬಿರಗಳಿಗೇ ಹೋಗಿ ಅವರ ಕಷ್ಟ ಕೇಳಿದರು.

1945: ಕೊನೆಯ ಹೋರಾಟ

ವಿಲಿಯಂ ಬೆವರಿಜ್ ಎಂಬ ವಿದ್ವಾಂಸರು ಎಲೀನರ್ ಅವರ 1924ರ ಪುಸ್ತಕ ಓದಿ ಮನಸ್ಸು ಬದಲಾಯಿಸಿಕೊಂಡಿದ್ದರು. ತಾವು ನಿರ್ದೇಶಕರಾಗಿದ್ದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸಿಬ್ಬಂದಿಯ ಮಕ್ಕಳಿಗೆ ಭತ್ಯೆಯನ್ನೂ ಜಾರಿಗೆ ತಂದರು. 1942ರಲ್ಲಿ ದೇಶದ ಸಾಮಾಜಿಕ ಭದ್ರತೆಯ ಬಗ್ಗೆ ಪ್ರಸಿದ್ಧ ವರದಿ ಬರೆದವರು ಇವರೇ. ಮಕ್ಕಳ ಭತ್ಯೆ ಇಲ್ಲದೆ ಬಡತನ ಹೋಗುವುದಿಲ್ಲ ಎಂದು ಆ ವರದಿಯಲ್ಲಿ ಬರೆದರು.

ಕೊನೆಗೂ 1945ರಲ್ಲಿ ಸರ್ಕಾರ ಕುಟುಂಬ ಭತ್ಯೆ ಮಸೂದೆಯನ್ನು ತಂದಿತು. ಆದರೆ ಮಸೂದೆ ಬಿಚ್ಚಿ ನೋಡಿದರೆ, ಆ ಹಣ ತಂದೆಗೆ ಸೇರಿದ್ದು ಎಂದು ಬರೆದಿತ್ತು! 30 ವರ್ಷದ ಹೋರಾಟದ ತಿರುಳೇ ಕೈತಪ್ಪುವ ಹಾಗಾಯಿತು.

"ಹೇಗೋ ಹಣ ಬರುತ್ತದಲ್ಲ, ಇಷ್ಟಕ್ಕೇ ತೃಪ್ತಿಪಡೋಣ" ಎಂದು ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರೇನೋ. 72 ವರ್ಷದ ಎಲೀನರ್ ಸುಮ್ಮನಾಗಲಿಲ್ಲ. ಮಾರ್ಚ್ ತಿಂಗಳಲ್ಲಿ ಚರ್ಚೆ ನಡೆದಾಗ ಎದ್ದು ನಿಂತು ಖಡಾಖಂಡಿತವಾಗಿ ಹೇಳಿದರು: ಹಣ ತಂದೆಗೆ ಎಂದೇ ಉಳಿದರೆ, ಇಷ್ಟು ವರ್ಷ ಕಾದ ಈ ಮಸೂದೆಯ ವಿರುದ್ಧವೇ ನಾನು ಮತ ಹಾಕುತ್ತೇನೆ. ಒಳ್ಳೆಯ ತಂದೆಯಾದರೆ ಹಣ ಹೇಗೂ ತಾಯಿಯ ಕೈಗೆ ಕೊಡುತ್ತಾನೆ. ಕಾನೂನು ಬೇಕಾಗಿರುವುದು ಕೊಡದವನ ಮನೆಯ ಹೆಂಡತಿ ಮಕ್ಕಳಿಗೆ. ಹಾಗೆ ತಂದೆಯ ಹೆಸರಿಗೆ ಬರೆಯುವುದೆಂದರೆ, ತಾಯಿಯ ದುಡಿಮೆಗೆ ಬೆಲೆ ಇಲ್ಲ ಎಂದು ಪಾರ್ಲಿಮೆಂಟೇ ಹೇಳಿದಂತೆ. ಇದು ಅವರ ವಾದದ ಸಾರ.

ಮಹಿಳಾ ಸಂಘಟನೆಗಳೂ ಬೆಂಬಲಕ್ಕೆ ನಿಂತವು. ಪಕ್ಷದ ಆಜ್ಞೆ ಇಲ್ಲದೆ ಸದಸ್ಯರು ಮನಸ್ಸಾಕ್ಷಿಯಂತೆ ತೀರ್ಮಾನಿಸಲಿ ಎಂದು ಸರ್ಕಾರ ಬಿಟ್ಟಿತು. ಕೊನೆಗೆ 'ತಂದೆಗೆ' ಎಂಬುದು 'ತಾಯಿಗೆ' ಎಂದು ಬದಲಾಯಿತು. 1945ರ ಜೂನ್ 15ರಂದು ಮಸೂದೆ ಕಾನೂನಾಯಿತು. ಎರಡನೆಯ ಮಗುವಿನಿಂದ ಹಿಡಿದು ಪ್ರತಿ ಮಗುವಿಗೂ ವಾರಕ್ಕೆ 5 ಶಿಲ್ಲಿಂಗ್. ಬೆವರಿಜ್ ಹೇಳಿದ್ದು 8 ಶಿಲ್ಲಿಂಗ್, ಸಿಕ್ಕಿದ್ದು 5. ಮೊದಲ ಮಗುವಿಗೆ ಏನೂ ಇರಲಿಲ್ಲ. ಪೂರ್ತಿ ಗೆಲುವಲ್ಲ ನಿಜ, ಆದರೆ ಬಾಗಿಲು ತೆರೆಯಿತು.

ಎಲೀನರ್ 1946ರ ಜನವರಿ 2ರಂದು ತೀರಿಕೊಂಡರು. ತಾಯಂದಿರು ಅಂಚೆ ಕಚೇರಿಗೆ ಹೋಗಿ ಮೊದಲ ಭತ್ಯೆ ಪಡೆದದ್ದು ಅದೇ ವರ್ಷ ಆಗಸ್ಟ್ 6ರಂದು. ತಾವು ನೆಟ್ಟ ಗಿಡದ ಮೊದಲ ಹಣ್ಣನ್ನು ಅವರು ನೋಡಲಿಲ್ಲ. 1975ರ ಕಾನೂನಿನಂತೆ ಮೊದಲ ಮಗುವಿಗೂ ಭತ್ಯೆ ಸೇರಿ, 1977ರಿಂದ ಅದು ಹೊಸ ರೂಪದಲ್ಲಿ ಮುಂದುವರಿಯಿತು.

ನಮ್ಮ ದೇಶ ಮತ್ತು ಎಲೀನರ್: ಒಂದು ತಪ್ಪಿನ ಪಾಠ

ಎಲೀನರ್‌ಗೆ ಭಾರತದ ಹೆಣ್ಣುಮಕ್ಕಳ ಬಗ್ಗೆಯೂ ಕಾಳಜಿ ಇತ್ತು. 1927ರಲ್ಲಿ ಅಮೆರಿಕದ ಲೇಖಕಿ ಕ್ಯಾಥರೀನ್ ಮೇಯೊ ಭಾರತವನ್ನು ಹೀನಾಯವಾಗಿ ಚಿತ್ರಿಸಿ 'ಮದರ್ ಇಂಡಿಯಾ' ಎಂಬ ಪುಸ್ತಕ ಬರೆದಿದ್ದರು. ಅದನ್ನು ಓದಿದ ಎಲೀನರ್ ಬಾಲ್ಯವಿವಾಹದ ವಿಷಯ ಕೈಗೆತ್ತಿಕೊಂಡರು. 1929ರಲ್ಲಿ ಲಂಡನ್ನಿನಲ್ಲಿ ಭಾರತದ ಮಹಿಳೆಯರ ಬಗ್ಗೆ ಸಮ್ಮೇಳನ ನಡೆಸಿದರು. ವೇದಿಕೆಯ ಮೇಲೆ ಮಾತಾಡುತ್ತಿದ್ದವರಲ್ಲಿ ಹೆಚ್ಚಿನವರು ಬ್ರಿಟಿಷರು.

ಆಗ ಸಭೆಯಲ್ಲಿ ಒಬ್ಬ ಭಾರತೀಯ ಮಹಿಳೆ ಎದ್ದು ನಿಂತು ಆಕ್ಷೇಪಿಸಿದರು. ಅವರು ಧನವಂತಿ ರಾಮರಾವ್. 1893ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದವರು. ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದ ಬೆನಗಲ್ ರಾಮರಾವ್ ಅವರ ಪತ್ನಿ. 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದವರೂ ಅವರೇ. ನಮ್ಮ ದೇಶದ ಕೆಟ್ಟ ಪದ್ಧತಿಗಳನ್ನು ತಿದ್ದಲು ನಾವೇ ದುಡಿಯುತ್ತಿದ್ದೇವೆ, ನಮ್ಮನ್ನು ಕೇಳದೆ ನಮ್ಮ ಪರವಾಗಿ ನೀವು ತೀರ್ಮಾನ ಮಾಡುವುದೇಕೆ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ.

ಅವರ ಮಾತು ಸತ್ಯವಾಗಿತ್ತು. ಬಾಲ್ಯವಿವಾಹ ತಡೆಯುವ ಶಾರದಾ ಕಾನೂನನ್ನು ತಂದವರು ಭಾರತೀಯರಾದ ಹರಬಿಲಾಸ ಶಾರದಾ. ಅದಕ್ಕಾಗಿ ಓಡಾಡಿದವರು ಅಖಿಲ ಭಾರತ ಮಹಿಳಾ ಸಮ್ಮೇಳನದವರು. ಅವರ ನಡುವೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು.

ಎಲೀನರ್ 1932ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಮಹಿಳಾ ಮುಖಂಡರನ್ನು ಭೇಟಿಯಾದರು. 1934ರಲ್ಲಿ ಬಾಲ್ಯವಿವಾಹದ ಬಗ್ಗೆ ಪುಸ್ತಕ ಬರೆದರು. ಅದರಲ್ಲಿ ಅವರು ಎತ್ತಿ ತೋರಿಸಿದ ಕೊರತೆಗಳು ನಿಜವಾದವು. 1929ರಲ್ಲಿ ಪಾಸಾದ ಶಾರದಾ ಕಾನೂನು ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ನಡುವಿನ ಆರು ತಿಂಗಳಲ್ಲಿ ಜನ ಅವಸರ ಅವಸರವಾಗಿ ಮಕ್ಕಳ ಮದುವೆ ಮುಗಿಸಿದರು. ಪೊಲೀಸರು ತಾವಾಗಿ ಕ್ರಮ ಕೈಗೊಳ್ಳುವಂತಿರಲಿಲ್ಲ. ದೂರು ಕೊಡುವವರೇ ಕೋರ್ಟಿಗೆ ಭದ್ರತೆ ಒದಗಿಸಬೇಕಿತ್ತು. ಹಾಗಿದ್ದರೆ ಯಾರು ತಾನೇ ದೂರು ಕೊಡುತ್ತಾರೆ?

ಮತದಾನದ ವಿಷಯದಲ್ಲೂ ಭಿನ್ನಾಭಿಪ್ರಾಯ ಬಂತು. ಎಲ್ಲರಿಗೂ ಈಗಲೇ ಮತ ಸಿಗುವುದಿಲ್ಲ, ಆಸ್ತಿವಂತರ ಹೆಂಡತಿಯರಿಗಾದರೂ ಸಿಗಲಿ ಎಂದು ಎಲೀನರ್ ಹೇಳಿದರು. ಭಾರತದ ಮಹಿಳಾ ಸಂಘಟನೆಗಳು, ಮುಂದೆ ಸ್ವತಂತ್ರ ಭಾರತದ ಆರೋಗ್ಯ ಮಂತ್ರಿಯಾದ ರಾಜಕುಮಾರಿ ಅಮೃತ್ ಕೌರ್ ಮೊದಲಾದವರು, ಗಂಡನ ಹೆಸರಿನಿಂದ ಬರುವ ಮತ ಬೇಡ, ವಯಸ್ಕರೆಲ್ಲರಿಗೂ ಮತ ಬೇಕು ಎಂದರು. 1935ರ ಕಾನೂನು ಎಲೀನರ್ ಹೇಳಿದ ದಾರಿಯಲ್ಲೇ ಸಾಗಿ ಸುಮಾರು 60 ಲಕ್ಷ ಮಹಿಳೆಯರಿಗೆ ಮತ ಕೊಟ್ಟಿತು. 1950ರಲ್ಲಿ ನಮ್ಮ ಸಂವಿಧಾನ ನಮ್ಮ ಮಹಿಳೆಯರು ಕೇಳಿದ್ದನ್ನೇ, ಎಲ್ಲರಿಗೂ ಸಮಾನ ಮತವನ್ನೇ ಕೊಟ್ಟಿತು.

1941ರಲ್ಲಿ ಅವರು ಯುದ್ಧದಲ್ಲಿ ಬ್ರಿಟನ್ನಿಗೆ ಬೆಂಬಲ ಕೊಡದ ಭಾರತೀಯರನ್ನು ಆಕ್ಷೇಪಿಸಿ ಬಹಿರಂಗ ಪತ್ರ ಬರೆದಾಗ, ಹಾಸಿಗೆ ಹಿಡಿದಿದ್ದ ರವೀಂದ್ರನಾಥ ಠಾಗೂರರೇ ಖಾರವಾಗಿ ಉತ್ತರ ಕೊಟ್ಟರು.

ಲಿವರ್‌ಪೂಲಿನಲ್ಲಿ ಎಲೀನರ್ ಮೊದಲು ಹೆಂಗಸರ ಅಡಿಗೆಮನೆಗೆ ಹೋಗಿ, ಕೂತು, ಲೆಕ್ಕ ಕೇಳಿ ಆಮೇಲೆ ಮಾತಾಡಿದರು. ಅಲ್ಲಿ ಗೆದ್ದರು. ಭಾರತದ ವಿಷಯದಲ್ಲಿ ಮೊದಲು ಮಾತಾಡಿ ಆಮೇಲೆ ಕೇಳಲು ಬಂದರು. ಇಲ್ಲಿ ಎಡವಿದರು. ಊರೂರಿಗೆ ಹೋಗುವ ನಮ್ಮಂಥ ಕಾರ್ಯಕರ್ತೆಯರೂ ಇದನ್ನು ನೆನಪಿಟ್ಟುಕೊಳ್ಳಬೇಕು. ಯಾರ ಒಳಿತಿಗಾಗಿ ಕೆಲಸ ಮಾಡುತ್ತೇವೋ ಅವರನ್ನು ಕೇಳದೆ ಮಾಡಿದ ಒಳ್ಳೆಯ ಕೆಲಸವೂ ಅರ್ಧವೇ.

ಇದರಿಂದ ನಮಗೇನು?

ಮೊದಲನೆಯದು, ಹಣ ಯಾರ ಕೈಗೆ ಬರುತ್ತದೆ ಎಂಬುದು ಸಣ್ಣ ವಿಷಯವಲ್ಲ. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ತಂದೆಯ ತೆರಿಗೆ ರಿಯಾಯಿತಿಯಾಗಿ ಸಿಗುತ್ತಿದ್ದ ಮಕ್ಕಳ ಹಣವನ್ನು ತಾಯಿಗೆ ಕೊಡುವ ಭತ್ಯೆಯಾಗಿ ಬದಲಾಯಿಸಿದರು. ಆಮೇಲೆ ಮನೆಗಳಲ್ಲಿ ಗಂಡಸರ ಬಟ್ಟೆಗೆ ಹೋಲಿಸಿದರೆ ಹೆಂಗಸರ, ಮಕ್ಕಳ ಬಟ್ಟೆಗೆ ಮಾಡುವ ಖರ್ಚು ಹೆಚ್ಚಾಯಿತು ಎಂದು 1997ರಲ್ಲಿ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು. ಎಲೀನರ್ ಹೇಳಿದ್ದೇ ಲೆಕ್ಕದಲ್ಲೂ ನಿಜವಾಯಿತು. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಎಂದು ಇಟ್ಟಿದ್ದರ ಹಿಂದೆಯೂ ಇದೇ ವಿಚಾರ ಇದೆ.

ಆದರೆ ಖಾತೆಗೆ ಬಂದರೆ ಸಾಕೇ? ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ? ಸಂಘದಲ್ಲಿ ಸಾಲ ನಿಮ್ಮ ಹೆಸರಿಗೆ, ಸಹಿ ನಿಮ್ಮದು, ಕಂತಿನ ಚಿಂತೆ ನಿಮ್ಮದು. ಹಣ ಮಾತ್ರ ಬ್ಯಾಂಕಿನ ಮೆಟ್ಟಿಲು ಇಳಿಯುವ ಮೊದಲೇ ಇನ್ನೊಬ್ಬರ ಕೈಗೆ ಹೋದರೆ, ಅದು ಯಾರ ಸಾಲ? ಗಂಡನಿಂದ ಬಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ಕೂತು, ಲೆಕ್ಕ ನೋಡಿ, ಮಾತಾಡಿ ತೀರ್ಮಾನ ಮಾಡಿ ಎನ್ನುತ್ತಿದ್ದೇನೆ. ಮಗನಿಗೂ ಮಗಳಿಗೂ ಆ ಲೆಕ್ಕ ಗೊತ್ತಿರಲಿ.

ಎರಡನೆಯದು ಕೂಲಿ. ನಮ್ಮ ದೇಶದಲ್ಲಿ ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು 1976ರಲ್ಲೇ ಬಂತು. 2019ರ ವೇತನ ಸಂಹಿತೆಯಲ್ಲೂ ಆ ಮಾತು ಇದೆ. ಆದರೂ ನಾಟಿ, ಕಳೆ, ಕೊಯ್ಲಿಗೆ ಕರೆಯುವಾಗ ಹೆಣ್ಣಾಳಿನ ಕೂಲಿ ಬೇರೆ ಎಂದೇ ಎಷ್ಟೋ ಕಡೆ ಮಾತಾಗುತ್ತದೆ. "ಗಂಡಸಿಗೆ ಸಂಸಾರ ಇದೆ" ಎಂದು ಯಾರಾದರೂ ಹೇಳಿದರೆ, ಆ ನಾಲ್ಕು ಕೆಲಸಗಾರರ ಲೆಕ್ಕ ಅವರಿಗೆ ಹೇಳಿ.

ಮೂರನೆಯದು ಬಾಲ್ಯವಿವಾಹ. ಎಲೀನರ್ ಕಾಲದ ದುರ್ಬಲ ಕಾನೂನು ಈಗಿಲ್ಲ. 1978ರಲ್ಲಿ ಹುಡುಗಿಗೆ 18, ಹುಡುಗನಿಗೆ 21 ವರ್ಷ ಎಂದಾಯಿತು. 2006ರಲ್ಲಿ ಇನ್ನೂ ಗಟ್ಟಿಯಾದ ಕಾನೂನು ಬಂತು. ಕರ್ನಾಟಕದ 2016ರ ತಿದ್ದುಪಡಿಯಂತೆ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಮದುವೆಯೇ ಅಲ್ಲ. ದೂರು ಕೊಡಲು ಭದ್ರತೆ ಕಟ್ಟಬೇಕಾಗಿಲ್ಲ, 1098ಕ್ಕೆ ಒಂದು ಫೋನ್ ಮಾಡಿದರೆ ಸಾಕು.

ಕೊನೆಯ ಮಾತು ತಾಳ್ಮೆಯದು. ಒಂದು ಸಲ ಅರ್ಜಿ ಕೊಟ್ಟು, ಕೆಲಸವಾಗಲಿಲ್ಲ ಎಂದು ಕೈಬಿಡುವವರು ನಾವು. 1917ರಲ್ಲಿ ಸಮಿತಿ ಕಟ್ಟಿದ ಎಲೀನರ್ 1945ರವರೆಗೆ ಒಂದೇ ವಿಷಯ ಹಿಡಿದುಕೊಂಡಿದ್ದರು. ಕೊನೆಯ ಗಳಿಗೆಯಲ್ಲಿ 'ತಂದೆಗೆ' ಎಂಬ ಒಂದು ಪದ ಕಂಡಾಗ, ವಯಸ್ಸಾಯಿತು ಎಂದು ಕಣ್ಣು ಮುಚ್ಚಿಕೊಳ್ಳಲಿಲ್ಲ. ಕಾಗದ ಪೂರ್ತಿ ಓದಿ ಸಹಿ ಹಾಕಿ ಎಂದು ನಾವು ಸಂಘದಲ್ಲಿ ಪದೇ ಪದೇ ಹೇಳುವುದು ಇದಕ್ಕೇ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಮನೆಗೆ ತಿಂಗಳಿಗೆ ಒಟ್ಟು ಎಷ್ಟು ಹಣ ಬರುತ್ತದೆ ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

2. ಕಳೆದ ಒಂದು ವರ್ಷದಲ್ಲಿ ಸಂಘದಿಂದ ಪಡೆದ ಸಾಲ ಯಾವುದಕ್ಕೆ ಖರ್ಚಾಯಿತು? ಅದನ್ನು ತೀರ್ಮಾನಿಸಿದವರು ಯಾರು?

3. ನಮ್ಮ ಊರಿನಲ್ಲಿ ಗಂಡಾಳು, ಹೆಣ್ಣಾಳಿನ ಕೂಲಿಯಲ್ಲಿ ಎಷ್ಟು ವ್ಯತ್ಯಾಸ ಇದೆ? ಇದನ್ನು ಎಲ್ಲಿ, ಹೇಗೆ ಕೇಳಬಹುದು?

4. ಮುಂದಿನ ಗ್ರಾಮಸಭೆಯಲ್ಲಿ ಸಂಘದ ಪರವಾಗಿ ಇಡಬಹುದಾದ ಒಂದು ಬೇಡಿಕೆ ಯಾವುದು? ಅದನ್ನು ನಿರ್ಣಯ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ.